ತಿರುಗಿಸಿ ಹೇಳಯ್ಯಾ

ಕೃಷ್ಣಮೂರ್ತಿ ಮೇಷ್ಟ್ರಿಗೆ ಯಾರ ಮಾತೂ ಒಂದೇ ಸಲಕ್ಕೆ ಸಾಲ್ತಿರಲಿಲ್ಲ. "ಕಾಫಿ ನಿಮಗೆ ಕೊಡ್ಲಾ ಸಾರ್?" ಅಂದ್ರೆ "ತಿರುಗಿಸಿ ಹೇಳಯ್ಯಾ" ಅನ್ನೋರು. "ನಿಮಗೆ ಕಾಫಿ ಕೊಡ್ಲಾ?" ಅಂದ ಮೇಲೇ ಕೈ ಚಾಚೋದು. ಮೊದ್ಲು ಅವರು, ಆಮೇಲೆ ಕಾಫಿ.

ಹಾಸನದಲ್ಲಿ ಲಾ ಪಾಠ ಮಾಡಿ ರಿಟೈರಾಗಿ, ಅಮೆರಿಕದ ಯೂನಿಯನ್ ಸಿಟೀಲಿ ಮಗಳ ಮನೇಲಿದ್ರು. ನಾನು ಅಲ್ಲೇ ಒಂದು ಹೋಟ್ಲಲ್ಲಿ ದೋಸೆ ಹುಯ್ಯೋನು. ಮಧ್ಯಾಹ್ನದ ಕೆಲಸ ಮುಗಿಸಿ ಫ್ಲಾಸ್ಕಲ್ಲಿ ಕಾಫಿ ಹಿಡ್ಕೊಂಡು ಟ್ರೇನಿಗೆ ಹೋಗುವಾಗ, ಸ್ಟೇಷನ್ ಹೊರಗಿನ ಬೆಂಚಲ್ಲಿ ಸಿಗೋರು. ಕಾಲು ಸೋತಿರೋದು, ಕೂತ್ಬಿಡ್ತಿದ್ದೆ. ನಾನು ಎಸ್ಸೆಲ್ಸಿ ಕಟ್ಟಿದ್ದೇ ಮೂವತ್ತು ದಾಟಿದ್ಮೇಲೆ. ಅದು ಗೊತ್ತಾದಾಗಿಂದ ನಾನು ಅವರ ಸ್ಟೂಡೆಂಟು.

ಪಾಠವೆಲ್ಲ ಒಬ್ಬನದೇ. ನೂರಾರು ವರ್ಷದ ಹಿಂದೆ ಇಟಲೀಲಿದ್ದ ಕಾನೂನು ಪಂಡಿತ. ಹೆಸರು ನನ್ನ ನಾಲಿಗೆಗೆ ಬರ್ಲಿಲ್ಲ, ಇಟಲಿ ಮೇಷ್ಟ್ರು ಅಂತಿದ್ದೆ. ನಲವತ್ತು ದಾಟ್ತಿದ್ದಂಗೇ ಹೋಗ್ಬಿಟ್ಟ ಪಾಪ, ಆದ್ರೂ ಎಷ್ಟೋ ತಲೆಮಾರು ಕೋರ್ಟಲ್ಲಿ ಅವನ ಮಾತೇ ನಡೀತು ಅಂತ, ಪಕ್ಕದ ಬೀದಿಯೋನ ಸುದ್ದಿ ಹೇಳ್ದಂಗೆ ಹೇಳೋರು. ಆಗ ಅಲ್ಲಿ ಊರಿಗೊಂದು ಕಾನೂನು. ಒಂದೂರಿನೋನು ಇನ್ನೊಂದೂರಲ್ಲಿ ಆಸ್ತಿ ಬಿಟ್ಟು ಸತ್ರೆ ಯಾವೂರಿನ ಕಾನೂನು? ಕಾನೂನು ಬರೆದಿರೋ ಸಾಲಲ್ಲಿ ಯಾವ ಪದ ಮೊದ್ಲು ಬಂದಿದೆ ನೋಡಿ ಅಂದನಂತೆ. ಆಸ್ತಿ ಮೊದ್ಲು ಬಂದ್ರೆ ಆಸ್ತಿ ಇರೋ ಊರಿನ ಕಾನೂನು, ಮನುಷ್ಯ ಮೊದ್ಲು ಬಂದ್ರೆ ಮನುಷ್ಯನ ಊರಿನ ಕಾನೂನು. ಆಮೇಲಿನೋರು ಇದಕ್ಕೆ ನಕ್ಕರಂತೆ. ಮೇಷ್ಟ್ರ ಮಗಳು ವಸುಧಾನೂ ನಗೋರು.

"ನೀವು ಮಾತನ್ನ ಹಿಂದೆ ಮುಂದೆ ಮಾಡ್ತಾ ಇರಿ ಅಪ್ಪಾ, ಅನ್ನ ಆರೋಗತ್ತೆ."

"ಹಾಗಿದ್ರೆ ಅನ್ನಾನೇ ಮೊದ್ಲು ಹೇಳ್ಬೇಕಿತ್ತಲ್ಲಮ್ಮಾ."

ಹೋದ ವರ್ಷ ಮಂಡ್ಯದಲ್ಲಿ ನಮ್ಮಪ್ಪ ತೀರ್ಕೊಂಡ್ರು. ಮನೇನ ನಮ್ಮಿಬ್ಬರು ಗಂಡುಮಕ್ಕಳ ಹೆಸರಿಗೆ ಬರೆದಿದ್ರು. ಅಲ್ಲಿ ಇದ್ದಿದ್ದು, ಅವರನ್ನ ನೋಡ್ಕೊಂಡಿದ್ದು, ಗಂಡನ್ನ ಕಳ್ಕೊಂಡ ನಮ್ಮ ತಂಗಿ ಸುಮ. ಮಾರೋಣ ಅಂತ ಅಣ್ಣಂದು ದಿನಾ ಫೋನು. ನಾನು ಹೂಂ ಅಂದ್ರೆ ಸುಮ ಬೀದಿಗೆ, ಊಹೂಂ ಅಂದ್ರೆ ಅಣ್ಣ ದೂರ. ಹೂಂ ಅಂದು ಮಲಗಿಬಿಡೋಣ ಅನ್ನೋಷ್ಟು ಸುಸ್ತಾಗಿತ್ತು. ಬೆಂಚಲ್ಲಿ ಮೇಷ್ಟ್ರಿಗೆ ಎಲ್ಲಾ ಹೇಳ್ಕೊಂಡೆ. ಅಣ್ಣ ಸರಿಯಾಗಿ ಏನಂತಾನೆ ಅಂತ ಕೇಳಿದ್ರು.

"ಆ ಮನೆ ಸುಮಂಗೆ ಯಾಕೆ ಅಂತಾನೆ ಸಾರ್."

"ತಿರುಗಿಸಿ ಹೇಳಯ್ಯಾ."

ಸಿಟ್ಟು ಬಂತು. ಆಟಕ್ಕೆ ನನ್ನ ಮನೆ ಗೋಳೇ ಸಿಕ್ತಾ ಅನ್ನಿಸ್ತು. ಆದ್ರೂ ಹೇಳ್ದೆ.

"ಸುಮಂಗೆ ಆ ಮನೆ ಯಾಕೆ?"

"ಹೂಂ, ಯಾಕೆ?"

"ಇರೋಕೆ ಸಾರ್."

ಮೇಷ್ಟ್ರು ಕಾಫಿ ಮುಗಿಸಿದ್ರು. ಅವತ್ತೇ ಅಣ್ಣಂಗೆ ಆಗಲ್ಲ ಅಂದೆ. ಅವನು ಇನ್ನೂ ಮಾತಾಡ್ತಿಲ್ಲ.

ಇದನ್ನ ಹೇಳೋಣ ಅಂತ ಹೋದ್ರೆ ಬೆಂಚು ಖಾಲಿ. ವಸುಧಾ ಅವರಿಗೆ ಫೋನ್ ಮಾಡ್ದೆ, ಆಸ್ಪತ್ರೇಲಿದಾರೆ ಅಂದ್ರು. ಹೋದೆ. ದನಿ ಪೂರ್ತಿ ಇಳಿದೋಗಿತ್ತು.

"ಸುಮ ಆ ಮನೇಲೇ ಇದಾಳೆ ಸಾರ್."

ಮೇಷ್ಟ್ರು "ಸುಮ ಮೊದ್ಲು ಬಂದ್ಲು" ಅಂತ ಕಣ್ಣು ಮುಚ್ಕೊಂಡ್ರು. ಅದೇ ಕೊನೆ ಭೇಟಿ.

ಈಗ್ಲೂ ಕೆಲಸ ಮುಗಿಸಿ ಅದೇ ದಾರೀಲಿ ಹೋಗ್ತೀನಿ. ಬೆಂಚಲ್ಲಿ ಮೇಷ್ಟ್ರಿಲ್ಲ, ಅಂತ ಈಗ ಟೈಪ್ ಮಾಡಿದ್ದೆ. ಅಳಿಸಿ, ಒಂದೊಂದೇ ಅಕ್ಷರ ಹುಡುಕಿ ಮತ್ತೆ ಹೊಡೆದೆ.

ಮೇಷ್ಟ್ರು ಬೆಂಚಲ್ಲಿಲ್ಲ.