ದೂತನಿಗೆ ಬಿಟ್ಟ ಜಾಗ

ಮೊನ್ನೆ ಬನಶಂಕರಿಯಿಂದ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗುವ ಬಸ್ಸಿನಲ್ಲಿ ನನಗೊಂದು ಸೀಟು ಸಿಕ್ಕಿತು, ನಾನು ಕೂರಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಹೊಸಕೆರೆಹಳ್ಳಿಯಿಂದ ಜೆ.ಪಿ. ನಗರದವರೆಗೆ ಮನೆ, ಸೈಟು ಕೊಡಿಸುವ ಬ್ರೋಕರ್ ನಾನು. ಖಾಲಿ ಜಾಗ ಕಂಡರೆ ಕೈಕಟ್ಟಿ ನಿಲ್ಲುವ ಜಾಯಮಾನ ನನ್ನದಲ್ಲ. ಮೇಲಾಗಿ ಮಂಡಿನೋವು ಬೇರೆ.

ಮೂರು ಜನ ಕೂರುವ ಸೀಟು ಅದು. ಕಿಟಕಿಯ ಪಕ್ಕ ಯೂನಿಫಾರಂ ತೊಟ್ಟ ಪುಟ್ಟ ಹುಡುಗಿ, ಈ ತುದಿಯಲ್ಲಿ ಅವಳ ಅಜ್ಜಿ, ನಡುವೆ ಖಾಲಿ.

"ಬನ್ನಿ, ಕೂತ್ಕೊಳಿ" ಎಂದು ಅಜ್ಜಿ ಕಾಲು ಸರಿಸಿದರು.

ಹುಡುಗಿಯ ಮುಖ ಸಪ್ಪಗಾಯಿತು. "ಅಜ್ಜಿ, ಅಲ್ಲಿ ಏಂಜೆಲ್ ಕೂತಿದೆ. ಜಾಗ ಬಿಡ್ಬೇಕು ಅಂತ ಸಿಸ್ಟರ್ ಹೇಳಿದಾರೆ."

"ಓಹೋ! ನಿನ್ನ ಏಂಜೆಲ್‌ಗೆ ಟಿಕೆಟ್ ತಗೊಂಡಿದೀಯೇನೇ?"

ಸುತ್ತ ನಿಂತವರು ನಕ್ಕರು. ನನಗೆ ನಗು ಬರಲಿಲ್ಲ. "ಯಾವ ಕ್ಲಾಸು ಪುಟ್ಟಿ?" ಎಂದು ಕೇಳಿದೆ.

"ಥರ್ಡ್ ಸ್ಟ್ಯಾಂಡರ್ಡ್."

ಅದೇ ಇರಬೇಕೆಂದುಕೊಂಡಿದ್ದೆ.

ಮನೆ ನೋಡಲು ಬರುವ ಗಂಡ ಹೆಂಡತಿಯರು ನೀರು ಬರುತ್ತದೆಯೇ ಎಂದು ಕೇಳಿದ ಮೇಲೆ ಕೇಳುವುದು ಸ್ಕೂಲಿನ ವಿಷಯವನ್ನೇ. ಕೇಳದಿದ್ದರೂ ನಾನೇ ಹೇಳುತ್ತೇನೆ. ಬಿಟ್ಟಿ ಸಲಹೆ ಕೊಡುವುದು ನನ್ನ ಹುಟ್ಟುಗುಣ. ಕಟ್ಟಡ ನೋಡಬೇಡಿ, ಆಟದ ಮೈದಾನ ನೋಡಿ. ಹೆಡ್‌ಮಿಸ್ ಹತ್ತಿರ ಮಾತಾಡುವ ಮೊದಲು ಗೇಟಿನ ವಾಚ್‌ಮನ್ ಹತ್ತಿರ ಮಾತಾಡಿ. ಕಾನ್ವೆಂಟ್ ಆದರೆ ಶಿಸ್ತು ಕಲಿಸುತ್ತಾರೆ, ಇಂಗ್ಲಿಷ್ ಕಲಿಸುತ್ತಾರೆ, ಕೂಡಿಸಿ ಬರೆಯುವ ಅಕ್ಷರ ಮುತ್ತಿನ ಹಾಗೆ ಆಗುತ್ತದೆ. ಇಷ್ಟು ಹೇಳಿ ನಿಲ್ಲಿಸುತ್ತೇನೆ. ಮೂರನೇ ಕ್ಲಾಸಿನಲ್ಲಿ ಇನ್ನೂ ಒಂದು ಕಲಿಸುತ್ತಾರೆ, ಅದನ್ನು ಹೇಳುವುದಿಲ್ಲ. ನಿಮಗೆ ಹೇಳುತ್ತೇನೆ, ನೀವು ಮನೆ ನೋಡಲು ಬಂದವರಲ್ಲವಲ್ಲ.

ನಮ್ಮ ಮನೆತನಕ್ಕೆ ಕಾನ್ವೆಂಟ್ ಹೊಸದು. ನಮ್ಮಪ್ಪ ಹೊಸಕೆರೆಹಳ್ಳಿ ಕೆರೆಯ ಕೆಳಗೆ ಸೊಪ್ಪು ಬೆಳೆದವರು. ನಾನು ಓದಿದ್ದು ಮಳೆ ಬಂದರೆ ರಜಾ ಕೊಡುವ ಶಾಲೆಯಲ್ಲಿ. ಮಗಳು ಚೈತ್ರಳಿಗೆ ಸೀಟು ಗಿಟ್ಟಿಸಲು ನಾನು ಹಿಡಿದ ಶಿಫಾರಸು, ಕಾದ ಕಾರಿಡಾರು ಬೇರೆಯೇ ಕಥೆ. ಅಂತೂ ಸೇರಿದಳು. ಮೂರನೇ ಕ್ಲಾಸಿಗೆ ಬಂದಾಗ ಏಸುವಿನ ಪ್ರಾರ್ಥನೆಯನ್ನೂ ಏಳರ ಮಗ್ಗಿಯನ್ನೂ ಒಂದೇ ರಾಗದಲ್ಲಿ ಹೇಳುತ್ತಿದ್ದಳು. ಮಧ್ಯಾಹ್ನ ಗಂಟೆ ಬಾರಿಸಿದರೆ, ಅದು ಐಸ್‌ಕ್ಯಾಂಡಿಯವನದಾದರೂ ಸರಿ, ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಲ್ಲುತ್ತಿದ್ದಳು.

ಆಮೇಲೆ ಶುರುವಾಯಿತು ಈ ಅರ್ಧ ಕುರ್ಚಿಯ ಕಾಟ. ಊಟಕ್ಕೆ ಕೂತರೆ ಕುರ್ಚಿಯ ತುದಿಯಲ್ಲಿ. ಸೋಫಾದಲ್ಲಿ ಕೂತರೂ ತುದಿಯಲ್ಲಿ. ಸ್ಕೂಟರಿನಲ್ಲಿ ನನಗೂ ತನಗೂ ನಡುವೆ ಒಂದು ಗೇಣು ಬಿಟ್ಟು ಹಿಂದಕ್ಕೆ ಸರಿದು ಅವಳಮ್ಮನನ್ನು ಸ್ಟೆಪ್ನಿಗೆ ಒತ್ತುತ್ತಿದ್ದಳು.

"ಏನೇ ಇದು?"

"ಗಾರ್ಡಿಯನ್ ಏಂಜೆಲ್, ಅಂದ್ರೆ ಕಾವಲು ದೂತ. ಎಲ್ಲರಿಗೂ ಒಬ್ಬೊಬ್ಬ ಇರ್ತಾನಪ್ಪ. ನಾವೇ ಪೂರ್ತಿ ಕೂತ್ರೆ ಅವನು ಎಲ್ಲಿ ಕೂರ್ಬೇಕು?"

"ನೋಡು, ಖಾಲಿ ಬಿಟ್ಟ ಜಾಗ ಇವತ್ತಲ್ಲ ನಾಳೆ ಒತ್ತುವರಿ ಆಗುತ್ತೆ" ಎಂದೆ, ನನ್ನ ವಿದ್ಯೆಯನ್ನು ಧಾರೆ ಎರೆಯುತ್ತಾ.

ನನ್ನ ಹೆಂಡತಿ ಗೌರಿ ಮಾತ್ರ ಇದನ್ನು ಗಂಭೀರವಾಗಿ ತಗೊಂಡಳು. ಮಂಚದಲ್ಲೂ ಸರಿದು ಮಲಗಿದಳು. "ನಿನ್ನ ದೂತನಿಗೆ ಚಪಾತಿ ಹಾಕ್ಲೇನೇ?" ಎಂದು ಕೇಳಿದಳು.

"ಅವನು ತಿನ್ನಲ್ಲಮ್ಮ. ಮಾತೂ ಆಡಲ್ಲ. ಸುಮ್ನೆ ಜೊತೇಲಿರ್ತಾನೆ."

"ಹಂಗಾದ್ರೆ ನಿಮ್ಮಪ್ಪಂಗಿಂತ ವಾಸಿ ಬಿಡು."

ಒಂದು ದಿನ ಚೈತ್ರ ಕುರ್ಚಿಯಿಂದ ಜಾರಿ ಬಿದ್ದು ಗಲ್ಲ ಒಡೆದುಕೊಂಡಳು. ಸ್ಕೂಲಿಗೆ ಹೋಗಿ ಜೋರು ಮಾಡಿ ಬರೋಣವೆಂದು ಹೊರಟೆ. ಸಿಸ್ಟರ್ ಎಮಿಲಿಯಾ ಮಂಗಳೂರು ಕಡೆಯವರು, ನನ್ನ ಭುಜದಷ್ಟು ಎತ್ತರ.

"ಅಯ್ಯೋ ದೇವರೇ, ಬಿದ್ದಳಾ? ಎಂತ ಮಾಡುವುದು ಸರ್, ಒಂದೊಂದು ಬೆಂಚಿನಲ್ಲಿ ನಾಲ್ಕು ಮಕ್ಕಳು, ದಿನಾ ಮೊಣಕೈ ಜಗಳ. ಸರಿದು ಕೂರಿ ಅಂದ್ರೆ ಯಾರೂ ಕೇಳುವುದಿಲ್ಲ. ದೂತನಿಗೆ ಜಾಗ ಬಿಡಿ ಅಂದೆ, ಜಗಳ ನಿಂತಿತು."

ಅಣ್ಣತಮ್ಮಂದಿರ ಜಾಗದ ಜಗಳ ಬಿಡಿಸುತ್ತಲೇ ಕೂದಲು ನೆರೆಸಿಕೊಂಡವನು ನಾನು. ಈ ಉಪಾಯ ನನಗೆ ಹೊಳೆದಿರಲಿಲ್ಲ. ಜೋರು ಮಾಡಲು ಹೋದವನು ಕೈಮುಗಿದು ಬಂದೆ.

ಅದೇ ಮಳೆಗಾಲದಲ್ಲಿ ಗೌರಿಗೆ ಜ್ವರ ಬಂತು. ಡೆಂಗಿ ಎಂದರು. ಆಸ್ಪತ್ರೆಗೆ ಸೇರಿಸಿದೆ. ಮೊದಮೊದಲು ನಗುತ್ತಲೇ ಇದ್ದಳು, ಆಮೇಲೆ ಒಳಗಿನ ವಾರ್ಡಿಗೆ ಹಾಕಿದರು. ನಾನು ಬನಶಂಕರಿ ಅಮ್ಮನ ಗುಡಿಗೆ ಓಡಿದೆ. ನಿಂಬೆಹಣ್ಣಿನ ದೀಪ ಹಚ್ಚಿದೆ. ಹರಕೆಯಲ್ಲೂ ನನ್ನ ವ್ಯಾಪಾರದ ಬುದ್ಧಿ ಬಿಡಲಿಲ್ಲ: ಮೊದಲು ಸೀರೆ ಎಂದೆ, ಆಮೇಲೆ ಬೆಳ್ಳಿ ಕಿರೀಟ ಎಂದೆ, ಕೊನೆಗೆ ಏನು ಬೇಕೋ ನೀನೇ ಹೇಳಿಬಿಡು ತಾಯಿ ಎಂದೆ. ಎದುರಿನವರು ಬಾಯಿ ಬಿಡದಿದ್ದರೆ ಚೌಕಾಸಿ ಮಾಡುವುದು ಹೇಗೆ? ನನ್ನ ಕಸುಬಿನಲ್ಲಿ ಅಂಥ ಗಿರಾಕಿಗೆ ಎಲ್ಲರೂ ಹೆದರುತ್ತೇವೆ.

ಆ ವಾರ್ಡಿಗೆ ಪಾಸ್ ಇದ್ದವರಿಗಷ್ಟೇ ಪ್ರವೇಶ, ಮಕ್ಕಳನ್ನಂತೂ ಬಿಡುತ್ತಿರಲಿಲ್ಲ. ಚೈತ್ರ ಗಾಜಿನ ಬಾಗಿಲವರೆಗೆ ಬಂದು ಹಿಂತಿರುಗಿದಳು. ಮಾರನೆಯ ದಿನ ಬೆಳಿಗ್ಗೆ ತಿಂಡಿಗೆ ಕೂರಿಸಿದಾಗ ನೋಡಿದೆ, ಕುರ್ಚಿಯ ನಟ್ಟನಡುವೆ, ಬೆನ್ನು ಒರಗಿಸಿ ಕೂತಿದ್ದಾಳೆ. ಪಾಠ ಮರೆತಳಲ್ಲ ಸದ್ಯ ಎಂದುಕೊಂಡೆ.

"ಇವತ್ತು ಜಾಗ ಬಿಟ್ಟಿಲ್ವಾ?"

"ಅವನಿಲ್ಲಪ್ಪ. ಅಮ್ಮನ ಹತ್ರ ಇರು ಅಂತ ಕಳಿಸ್ದೆ. ಅವನಿಗೆ ಪಾಸ್ ಬೇಡ."

ದೋಸೆ ಮಗುಚಲು ಅಡುಗೆಮನೆಗೆ ಹೋದವನು ಕಾವಲಿ ಹೊತ್ತುವವರೆಗೂ ಆಚೆ ಬರಲಿಲ್ಲ.

ಗೌರಿ ಉಳಿಯಲಿಲ್ಲ. ಆ ದಿನಗಳನ್ನು ವಿವರಿಸಲಾರೆ, ನಿಮಗೂ ಬೇಡ. ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಆಗಲೂ ಅವಳು ಕುರ್ಚಿಯ ತುಂಬ ಕೂರುತ್ತಿದ್ದಳು. ಅದು ಯಾಕೋ ನನಗೆ ಸಹಿಸಲಾಗಲಿಲ್ಲ. ಒತ್ತುವರಿಯ ಮಾತಾಡಿದ್ದ ನಾನೇ ಕೇಳಿದೆ, "ಪುಟ್ಟಾ, ಇನ್ನು ಅವನನ್ನ ವಾಪಸ್ ಕರಿ. ನಿನಗೆ ಬೇಕಲ್ಲ?"

ಅವಳು ತಟ್ಟೆಯನ್ನೇ ನೋಡುತ್ತಾ ಹೇಳಿದಳು: "ಬೇಡಪ್ಪ. ಅಮ್ಮಂಗೆ ದಾರಿ ಗೊತ್ತಾಗಲ್ಲ. ಮೆಜೆಸ್ಟಿಕ್‌ಗೆ ಹೋಗ್ಬೇಕಂದ್ರೂ ನಿನ್ನನ್ನ ಕೇಳ್ತಿದ್ಲು."

ನಾನು ಕೊಟ್ಟಿದ್ದೆಲ್ಲ ಏನಾದರೂ ಬರಲಿ ಎಂದು ಕೊಟ್ಟಿದ್ದು, ದೇವರಿಗೂ ಸೇರಿಸಿ. ಈ ಮಗು ತನ್ನ ಹತ್ತಿರ ಇದ್ದ ಒಬ್ಬನೇ ಕಾವಲುಗಾರನನ್ನು ಕೊಟ್ಟಿತ್ತು. ಅಮ್ಮ ಬದುಕದಿದ್ದರೂ ಅವನನ್ನು ವಾಪಸ್ ಕೇಳಲಿಲ್ಲ. ಹರಕೆ ಕೈಗೂಡಲಿಲ್ಲವೆಂದು ನಾನು ವರ್ಷಗಟ್ಟಲೆ ಗುಡಿಯ ಮುಂದೆ ಮುಖ ತಿರುಗಿಸಿಕೊಂಡು ಓಡಾಡಿದೆ. ಅವಳು ಯಾರ ಮೇಲೂ ಮುನಿಸಿಕೊಂಡಿದ್ದು ನಾನು ಕಾಣೆ.

ಅಂದಿನಿಂದ ಆ ಕಾವಲು ನನ್ನ ಪಾಲಿಗೆ ಬಂತು. ಊಟಕ್ಕೆ ಪಕ್ಕದಲ್ಲಿ ಕೂತೆ, ಜಡೆ ಹಾಕಲು ಕಲಿತೆ, ಪರೀಕ್ಷೆಯ ದಿನ ಗೇಟಿನ ಹೊರಗೆ ಮಂಡಿ ಹಿಡಿಯುವವರೆಗೆ ನಿಂತೆ. ತಿನ್ನುತ್ತಿದ್ದೆ, ಮಾತೂ ಆಡುತ್ತಿದ್ದೆ. ಅಸಲಿ ದೂತನಷ್ಟು ಚೆನ್ನಾಗಿ ಮಾಡಿರಲಿಕ್ಕಿಲ್ಲ. ಈಗ ಅವಳು ಕಾಲೇಜು. ಸ್ಕೂಟರ್ ಅವಳೇ ಓಡಿಸುತ್ತಾಳೆ, ಹಿಂದೆ ಕೂರುವವನು ನಾನು. "ಅಪ್ಪಾ, ಅಷ್ಟು ಹಿಂದೆ ಯಾಕೆ ಕೂರ್ತೀಯ, ಬಿದ್ದೀಯಾ" ಎಂದು ಗದರುತ್ತಾಳೆ. ಅವಳಿಗೆ ಅದೆಲ್ಲ ನೆನಪಿದೆಯೋ ಇಲ್ಲವೋ, ನಾನು ಕೇಳಿಲ್ಲ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತ್ತು. ಬೆನ್ನಿಗೆ ಬ್ಯಾಗು ಹಾಕಿಕೊಂಡಿದ್ದ ಹುಡುಗನೊಬ್ಬ ನನ್ನ ಭುಜ ತಟ್ಟಿದ. "ಅಂಕಲ್, ನೀವು ಕೂರಲ್ಲ ಅಂದ್ರೆ ದಾರಿ ಬಿಡಿ, ನಾನು ಕೂರ್ತೀನಿ."

"ಅಲ್ಲಿ ಜನ ಇದಾರಪ್ಪ" ಎಂದೆ.

"ಎಲ್ಲಿ ಸಾರ್?"

"ಇದಾರೆ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ಹುಡುಗ ಗೊಣಗುತ್ತಾ ಹಿಂದಕ್ಕೆ ಹೋದ. ಹುಡುಗಿ ಮಾತ್ರ ಕಣ್ಣರಳಿಸಿ, ಯಾರಿಗೂ ಕೇಳದ ಹಾಗೆ ಮುಂದೆ ಬಾಗಿ, "ಅಂಕಲ್, ನಿಮಗೆ ಕಾಣ್ಸುತ್ತಾ?" ಎಂದಳು.

"ಇಲ್ಲ ಪುಟ್ಟಿ. ಆದ್ರೆ ಅವರ ಪೈಕಿ ಒಬ್ಬ ನಮ್ಮ ಮನೇಲಿದ್ದ."

"ಈಗೆಲ್ಲಿದಾನೆ?"

ಅಷ್ಟರಲ್ಲಿ ಬಸ್ಸು ಸಿಗ್ನಲ್ ದಾಟಿ ನನ್ನ ಸ್ಟಾಪು ಬಂದಿತ್ತು. ಜನ ಹಿಂದಿನಿಂದ ತಳ್ಳುತ್ತಿದ್ದರು.

"ನಮ್ಮನೆಯವಳ ಜೊತೆ" ಎಂದು ಹೇಳಿ ಇಳಿದೆ.