ರೇಸು ಕಾರಿನ ಬಾಲದಲ್ಲಿ ಇನ್ನೂರ ಹದಿನಾಲ್ಕು ಏಟು

ಫೆಬ್ರವರಿ 9, ಭಾನುವಾರ, ಸಂಜೆ 4.10. ನಂಜನಗೂಡು.

ಇವತ್ತು ಬೆಳಿಗ್ಗೆ ಹಂಡೆ ಒಲೆಗೆ ಸೌದೆ ತುಂಬುವಾಗ ಗೂಡಿನಲ್ಲಿದ್ದ ಬಟ್ಟೆ ಸೋಪಿನ ಚೂರೊಂದು ಜಾರಿ ಕೆಂಡಕ್ಕೆ ಬಿತ್ತು. ಸುಟ್ಟ ಸೋಪಿನ ವಾಸನೆ ಬಚ್ಚಲೆಲ್ಲ ತುಂಬಿತು. ಅಮ್ಮ ಮೂಗು ಮುಚ್ಚಿಕೊಂಡು ಬೈದರು. ನಾನು ಒಲೆಯ ಮುಂದೆ ಹಾಗೇ ಕೂತುಬಿಟ್ಟೆ. ಅಲ್ಯೂಮಿನಿಯಂ ತಗಡು ಬಡಿಯುವ ಮುಂಚೆ ಮೇಸ್ತ್ರಿ ಅದರ ಮೇಲೆ ಸೋಪು ಉಜ್ಜಿ ಗ್ಯಾಸಿನ ಉರಿ ಹಿಡಿಯುತ್ತಿದ್ದರು. ಸೋಪು ಕಪ್ಪಾದರೆ ತಗಡು ಮೆದುವಾಯಿತೆಂದು ಲೆಕ್ಕ. ಇನ್ನೊಂದು ಗಳಿಗೆ ತಡೆದರೆ ತೂತು ಬೀಳುತ್ತದೆ...

ಮೇಸ್ತ್ರಿಯ ಮನೆ ನಮ್ಮ ಬೀದಿಯಲ್ಲೇ, ಮೂರು ಮನೆ ಆಚೆ. ಟಿಂಕರಿಂಗ್ ಕೆಲಸ, ನಜ್ಜುಗುಜ್ಜಾದ ಗಾಡಿಗಳ ಮೈಯನ್ನು ಬಡಿದು ಬಡಿದು ಮೊದಲಿನ ಆಕಾರಕ್ಕೆ ತರುವುದು. ಎಡಗೈಯವರು. ಕಣ್ಣು ಮುಚ್ಚಿ ಅಂಗೈಯಲ್ಲಿ ತಗಡನ್ನು ಸವರಿ, ಎಲ್ಲಿ ಕೂದಲೆಳೆಯಷ್ಟು ತಗ್ಗಿದೆ ಎಂದು ಹೇಳುತ್ತಿದ್ದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ಡಿಪ್ಲೊಮಾ ಮುಗಿಸಿದ ವರ್ಷ ತಿ. ನರಸೀಪುರದ ಅಕ್ಕಿ ಗಿರಣಿಯೊಂದರ ಒಡತಿ ಅವರನ್ನು ಕರೆಸಿದರು. ಗಿರಣಿಯ ಹಿಂದಿನ ಕೊಟ್ಟಿಗೆಯಲ್ಲಿ ಒಡತಿಯ ತಂದೆಯ ಕಾಲದ ರೇಸು ಕಾರೊಂದು ಬೀಗದೊಳಗೆ ಬಿದ್ದಿತ್ತು. ಹಳೆಯ ಕಾರುಗಳ ಮೆರವಣಿಗೆಗೆ ಅದನ್ನು ಕಳಿಸಬೇಕು, ಮಾಡಿದ ಪ್ರತಿಯೊಂದು ಕೆಲಸಕ್ಕೂ ಬರಹ ಮತ್ತು ಫೋಟೋ ಇರಬೇಕು ಎಂದರಂತೆ. ಮೇಸ್ತ್ರಿ ನಮ್ಮ ಮನೆಗೆ ಬಂದು ಕೇಳಿದರು: "ಬರ್ಯೋಳು ನೀನಿದ್ದೀಯಲ್ಲವ್ವ. ತಿಂದ ಇಡ್ಲೀನೂ ಬರ್ದಿಟ್ಕೊಳ್ಳೋ ಎಣ್ಣು, ಬಾ ಅತ್ಲಾಗೆ."

ಜುಲೈ ಕೊನೆಯ ವಾರದಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು.

ಕಾರು ಇಂಗ್ಲಿಷರದ್ದು, ಎರಡೇ ಸೀಟು, ಮೇಲ್ಛಾವಣಿ ಇಲ್ಲ. ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿತ್ತು. ಮೂತಿ ಉದ್ದ, ಬಾಲ ಮೊಟ್ಟೆಯ ಹಾಗೆ ಗುಂಡಗೆ. ಮೊದಲ ದಿನದ ನನ್ನ ಪುಟದಲ್ಲಿ ಹೀಗಿದೆ: ಮುರಿದ ಚಕ್ರದ ಕಡ್ಡಿ 31, ಕಣಜದ ಗೂಡು 3, ಹಾವಿನ ಪೊರೆ 1, ಎಂಜಿನ್ ತಿರುಗುವುದಿಲ್ಲ. ಎಂಜಿನ್ನಿನೊಳಕ್ಕೆ ಡೀಸೆಲ್ಲು ಎಣ್ಣೆ ಬೆರೆಸಿ ಹೊಯ್ದು, ಒಂಬತ್ತು ದಿನ ನೆನೆಸಿ, ಆಮೇಲೆ ಮೈಸೂರಿನ ಎಂಜಿನ್ ಕೆಲಸದವರ ಹತ್ತಿರ ಕಳಿಸಿದರು. ಮೈಯ ಕೆಲಸವೆಲ್ಲ ಮೇಸ್ತ್ರಿಯದು.

ಒಡತಿ ಒಂದು ಹಳೆಯ ಫೋಟೋ ತಂದು ತೋರಿಸಿದರು. ಮದ್ರಾಸಿನ ಹತ್ತಿರ ಯಾವುದೋ ಪಾಳುಬಿದ್ದ ವಿಮಾನ ಪಟ್ಟಿಯಲ್ಲಿ ರೇಸು ಮುಗಿದ ಮೇಲೆ, ಕಾರನ್ನು ಊರಿಗೆ ಹೊರಡಿಸುವ ಮುಂಚೆ ತೆಗೆದದ್ದು. ಅವರ ತಂದೆ ಕಾರಿಗೆ ಒರಗಿ ನಗುತ್ತಿದ್ದಾರೆ. ಕಾರಿನ ಬಾಲದ ಬಲಭಾಗ ಹರಿದು ಜೋತುಬಿದ್ದಿದೆ. ಅದರ ಪಕ್ಕ ಸುತ್ತಿಗೆ ಹಿಡಿದು ಕೂತ ಒಬ್ಬ ಹುಡುಗ ಕ್ಯಾಮೆರಾದತ್ತ ನೋಡುತ್ತಿಲ್ಲ.

"ನಮ್ಮಣ್ಣ," ಎಂದರು ಮೇಸ್ತ್ರಿ.

ಅವರ ಅಣ್ಣನ ಕಥೆ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಮೇಸ್ತ್ರಿಗೆ ಕೆಲಸ ಕಲಿಸಿದವನು ಅವನೇ. ರೇಸು ಕಾರಿನ ಜೊತೆ ಮದ್ರಾಸಿಗೆ ಹೋದವನು ತಿರುಗಿ ಬರಲಿಲ್ಲ. ಅಲ್ಲಿಂದಲೇ ಬೊಂಬಾಯಿಗೆ ಹೊರಟುಹೋದ ಎಂದು ಗಿರಣಿಯವರು ಹೇಳಿ ಕಳಿಸಿದ್ದರು. ಕೆಲವು ದಿನಗಳ ಮೇಲೆ ಯಾರೋ ಅವನ ಸುತ್ತಿಗೆಯನ್ನು ಗೋಣಿಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟು ಹೋಗಿದ್ದರು. ಮೇಸ್ತ್ರಿ ಅದನ್ನು ಬಳಸಲಿಲ್ಲ. ಆಯುಧಪೂಜೆಗೆ ತೆಗೆದು ಕುಂಕುಮ ಇಟ್ಟು ಮತ್ತೆ ಸುತ್ತಿಡುತ್ತಿದ್ದರು. ಪಿತೃಪಕ್ಷದಲ್ಲಿ ಅಪ್ಪ ಅವ್ವನಿಗೆ ಎಡೆ ಇಡುವಾಗ ಅಣ್ಣನಿಗೆ ಎಲೆ ಹಾಕುತ್ತಿರಲಿಲ್ಲ. "ಬದ್ಕಿರೋನ್ಗೆ ಎಡೆ ಇಡ್ತಾರಾ?" ಎನ್ನುತ್ತಿದ್ದರು. ವರ್ಷ ವರ್ಷವೂ ಅದೇ ಮಾತು... ಯಾರೂ ಎದುರು ಹೇಳುತ್ತಿರಲಿಲ್ಲ.

ಆಗಸ್ಟ್ ಎರಡನೆಯ ವಾರ ಬಾಲವನ್ನು ಬಿಚ್ಚಿ ಮಗುಚಿ ಹಾಕಿದೆವು. ಬಲಭಾಗಕ್ಕೆ ಹೊಸ ತಗಡಿನ ತೇಪೆ ಬಿದ್ದಿತ್ತು, ಆದರೆ ಬಡಿತ ಅರ್ಧಕ್ಕೇ ನಿಂತಿತ್ತು. ಒಂದು ಕಡೆ ನುಣುಪು, ಇನ್ನೊಂದು ಕಡೆ ಹಾಗೇ ಬಿಟ್ಟ ಸೊಟ್ಟ ತಗಡು. ಒಳಗಡೆ ಪ್ರತಿ ಏಟಿನ ಜಾಗದಲ್ಲೂ ಉಗುರಿನ ತುದಿಯಂಥ ಒಂದು ಗೆರೆ, ಬಲಕ್ಕೆ ಬಾಗಿದ್ದು. ಮೇಸ್ತ್ರಿ ಕಣ್ಣು ಮುಚ್ಚಿ ಸವರಿದರು. ಅಂಗೈ ಅಲ್ಲೇ ನಿಂತಿತು.

ಮರುದಿನ ಅಣ್ಣನ ಸುತ್ತಿಗೆ ತಂದರು. ಅದರ ಮುಖದ ಅಂಚು ಚಕ್ಕೆ ಎದ್ದಿತ್ತು. ಗೆರೆಯ ಮೇಲಿಟ್ಟರೆ ಕೂಡಿಕೊಂಡಿತು.

ಬಾಲ ಹರಿದದ್ದು ಮದ್ರಾಸಿನ ರೇಸಿನಲ್ಲಿ. ಈ ತೇಪೆ ಅದರ ನಂತರದ್ದು. ಅಂದರೆ ಅಣ್ಣ ಬೊಂಬಾಯಿಗೆ ಹೋಗಿರಲಿಲ್ಲ. ಕಾರಿನ ಜೊತೆ ಇಲ್ಲಿಗೆ ಬಂದು, ಇದೇ ಕೊಟ್ಟಿಗೆಯಲ್ಲಿ ಕೂತು, ಇಷ್ಟು ಬಡಿದಿದ್ದ.

"ಅರ್ಧ ಕೆಲ್ಸ ಬಿಟ್ಟೋಗೋನಲ್ಲ ಕಣವ್ವ ಅವ್ನು," ಎಂದರು. ಅವರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ತಗಡು ಮುಗಿದ ಮೇಲೆ ಬರೀ ಕಬ್ಬಿಣದ ದಿಮ್ಮಿಯ ಮೇಲೆ ಮೂರು ಏಟು ಹಾಕಿ ಸುತ್ತಿಗೆಯನ್ನು ಸುತ್ತಿಡಬೇಕು. ಹಾಕದೆ ಇಟ್ಟರೆ ಸುತ್ತಿಗೆಗೆ ನಿದ್ದೆ ಬರೋದಿಲ್ಲ ಎನ್ನುತ್ತಿದ್ದರು.

ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. "ನಿನ್ ತಾವೇ ಮಡೀಕೊ. ನಂತಾವ್ ಇದ್ರೆ ಕೈ ಸುಮ್ಕಿರಲ್ಲ." ಅಂದಿನಿಂದ ಅದು ನಮ್ಮ ಮನೆಯ ಬೀರುವಿನಲ್ಲಿದೆ.

ನಾನು ಬರಹದ ಕೆಲಸದವಳು. ಪ್ರತಿ ಗುರುತಿನ ಸುತ್ತ ಪೆನ್ಸಿಲಿನಲ್ಲಿ ಸಣ್ಣ ಸೊನ್ನೆ ಸುತ್ತಿ, ನಂಬರು ಹಾಕಿದೆ. ಸೋಮವಾರ: 214. ಬುಧವಾರ ಫೋಟೋ ತೆಗೆಯುವಾಗ ಸೊನ್ನೆ ಇಲ್ಲದ ಏಳು ಗುರುತು ಕಂಡವು. ನನ್ನದೇ ತಪ್ಪಿರಬೇಕೆಂದು ಅವಕ್ಕೂ ಸುತ್ತಿದೆ. 221. ಶುಕ್ರವಾರ ಇನ್ನೂ ಹತ್ತು. ಸೋಮವಾರದ ಫೋಟೋ ಹಿಗ್ಗಿಸಿ ನೋಡಿದೆ. ಆ ಜಾಗಗಳಲ್ಲಿ ಏನೂ ಇರಲಿಲ್ಲ. ಸುತ್ತಿಗೆ ನಂಜನಗೂಡಿನಲ್ಲಿತ್ತು, ಬೀರುವಿನ ಕೀಲಿ ನನ್ನ ಸೊಂಟದಲ್ಲಿತ್ತು.

ಮುಂದಿನ ವಾರ ಒಂದು ಮಧ್ಯಾಹ್ನ ಗಿರಣಿಯ ಅಂಗಳದ ಹುಣಸೆ ಮರದ ಕೆಳಗೆ ಊಟಕ್ಕೆ ಕೂತಿದ್ದೆವು. ಬಿಸಿಲು ನೆಟ್ಟಗಿತ್ತು. ಗಿರಣಿಗೆ ರಜೆ, ಬೇರೆ ಯಾರೂ ಇರಲಿಲ್ಲ. ಕೊಟ್ಟಿಗೆಯೊಳಗಿಂದ ಸದ್ದು ಬಂತು. ಎರಡು ಹಗುರ, ಒಂದು ಭಾರ. ಎರಡು ಹಗುರ, ಒಂದು ಭಾರ. ಮೇಸ್ತ್ರಿಯ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ನಿಂಗೂ ಕೇಳಿಸ್ತಾ?"

"ತಗಡಿನ ಮೇಲೆ ಹುಣಸೆಕಾಯಿ ಬೀಳ್ತಿರಬೇಕು, ಮೇಸ್ತ್ರಿ."

"ಕಾಯಿ ತಾಳ ಆಕ್ಕೊಂಡ್ ಉದುರ್ತದಾ ಮಗ?" ಎಂದು ನಕ್ಕರು. ಕಣ್ಣು ಕೊಟ್ಟಿಗೆಯ ಬಾಗಿಲ ಮೇಲೇ ಇತ್ತು. ಎದ್ದು ಹೋಗಿ ನೋಡಲಿಲ್ಲ. ಸದ್ದು ನಿಲ್ಲುವ ತನಕ ಕೈ ತೊಳೆಯಲೂ ಇಲ್ಲ. ನಾನು ಎಣಿಸಿದೆ: ಒಂಬತ್ತು. ಒಳಗೆ ಹೋಗಿ ನೋಡಿದರೆ ಸೊನ್ನೆ ಇಲ್ಲದ ಗುರುತು ಒಂಬತ್ತು. 240.

ಅದೇ ವಾರ ಒಡತಿ ಬಂದು ತೇಪೆ ನೋಡಿ ಮುಖ ಗಂಟಿಕ್ಕಿದರು. "ಇದೇನ್ರೀ ಮೇಸ್ತ್ರಿ, ಇಷ್ಟು ವಿಕಾರವಾಗಿದೆ? ಕತ್ತರಿಸಿ ಹೊಸ ತಗಡು ಹಾಕ್ಬಿಡಿ."

"ಅದ್ನ ಕತ್ತರ್ಸಕಿಲ್ಲ ಅಮ್ಮೋರೆ. ಒಂದ್ ಮಾತ್ ಕೇಳ್ತೀನಿ, ತಪ್ ತಿಳೀಬ್ಯಾಡಿ. ನಮ್ಮಣ್ಣ ಇಲ್ಲಿಂದ ಎಲ್ಗೋದ?"

ಒಡತಿ ಬಾಲದ ಮೇಲೆ ಕೈಯಿಟ್ಟರು. "ನನಗಾಗ ಆರು ವರ್ಷ ಮೇಸ್ತ್ರಿ. ಮಧ್ಯಾಹ್ನ ಮಲಗಿದ್ರೆ ಇಲ್ಲಿಂದ ಟಕಟಕ ಸದ್ದು ಬರ್ತಿತ್ತು. ಒಂದಿನ ಮಧ್ಯದಲ್ಲೇ ನಿಂತುಹೋಯ್ತು. ಅವತ್ತೇ ಅಪ್ಪ ಈ ಬಾಗಿಲಿಗೆ ಬೀಗ ಹಾಕ್ಸಿದ್ರು. ಯಾಕೆ ಅಂತ ಅಮ್ಮ ಕೇಳಿದ್ದಕ್ಕೆ ಅಪ್ಪ ಊಟ ಬಿಟ್ಟು ಎದ್ದುಹೋದ್ರು..." ಅಷ್ಟೇ ಅವರಿಗೆ ಗೊತ್ತಿದ್ದದ್ದು. ತೇಪೆಯ ಮಾತು ಮತ್ತೆ ಎತ್ತಲಿಲ್ಲ.

ಪಿತೃಪಕ್ಷ ಹುಟ್ಟುವ ಹೊತ್ತಿಗೆ 263 ಆಗಿತ್ತು. ಆಮೇಲೆ ಗುರುತು ಹೆಚ್ಚಲಿಲ್ಲ. ಅಂಗೈಯಗಲದ ಜಾಗ ಮಾತ್ರ ಸೊಟ್ಟಗೆ ಉಳಿದಿತ್ತು. ನಾಲ್ಕು ದಿನ ಕಾದು ಮೇಸ್ತ್ರಿ ಹೇಳಿದರು: "ನಾಳೆ ಸುತ್ಗೆ ತಗಂಬಾ."

ಸೋಪು ಉಜ್ಜಿ, ಕಾಯಿಸಿ, ಬಾಲದೊಳಕ್ಕೆ ಎಡಗೈ ತೂರಿಸಿ ಬಡಿದರು. ಅವರ ಗೆರೆಗಳು ಎಡಕ್ಕೆ ಬಾಗಿದವು. ಹದಿನೆಂಟು ಏಟು. 281. ಮೂಲೆಯಲ್ಲಿ ಉದ್ದಿನಕಾಳಿನಷ್ಟು ತಗ್ಗು ಉಳಿಯಿತು. ಅಲ್ಲಿಗೆ ಸುತ್ತಿಗೆ ಇಳಿಸಿದರು.

"ಇನ್ನೊಂದು ಏಟು ಬೇಕಲ್ಲ ಮೇಸ್ತ್ರಿ?"

"ಇರ್ಲಿ ಬುಡವ್ವ. ಅದ್ನೂ ಒಡುದ್ಬುಟ್ರೆ ನಂಗೂ ಅವ್ನಿಗೂ ಇನ್ನೇನೂ ಉಳಿಯಕಿಲ್ಲ."

ಮೂರು ಏಟು ಹಾಕದೆಯೇ ಸುತ್ತಿಗೆಯನ್ನು ಸುತ್ತಿ ನನಗೆ ಕೊಟ್ಟರು. ನಾನು ಆ ತಗ್ಗಿನ ಸುತ್ತ ಖಾಲಿ ಸೊನ್ನೆ ಬರೆದು 282 ಎಂದು ನಂಬರು ಹಾಕಿದೆ. ಮರುದಿನ ಅವರು ನದಿ ಕೂಡುವ ಜಾಗಕ್ಕೆ ಹೋಗಿ ಅಣ್ಣನ ಹೆಸರಿನಲ್ಲಿ ಎಳ್ಳುನೀರು ಬಿಟ್ಟರು. ಆ ಅಮಾವಾಸ್ಯೆಗೆ ಅವರ ಮನೆಯಲ್ಲಿ ಮೊದಲ ಸಲ ಮೂರು ಎಲೆ ಹಾಕಿದರು. ನಾನೂ ಹೋಗಿದ್ದೆ. ಮೂರನೆಯ ಎಲೆಗೆ ಅವರೇ ಬಡಿಸಿದರು.

ಕಾರಿಗೆ ಮೊದಲಿನಂತೆ ಕೆಂಪು ಬಣ್ಣ ಬಂತು. ಎಂಜಿನ್ನೂ ಎದ್ದಿತು. ಮೇಸ್ತ್ರಿ ಕಳೆದ ಕಾರ್ತಿಕದಲ್ಲಿ ಹೋದರು. ಅವರಿಲ್ಲದ ಬೀದಿ ಎಷ್ಟು ನಿಶ್ಶಬ್ದ ಎನ್ನುವುದಕ್ಕೆ ನನ್ನ ಪುಸ್ತಕದಲ್ಲಿ ಅಂಕಿ ಇಲ್ಲ...

ಇವತ್ತು ಆ ವಾಸನೆ ಬಂದ ಮೇಲೆ ಮನೆಯಲ್ಲಿರಲು ಆಗಲಿಲ್ಲ. ಒಂಬತ್ತರ ಬಸ್ಸಿಗೆ ನರಸೀಪುರಕ್ಕೆ ಹೋದೆ. ಒಡತಿ ಕೊಟ್ಟಿಗೆ ತೆಗೆಸಿದರು. ಬಾಲದ ಒಳಮೈಗೆ ಬಣ್ಣ ಹಚ್ಚಿಲ್ಲ. ಟಾರ್ಚು ಹಿಡಿದು ಮೊದಲಿನಿಂದ ಎಣಿಸಿದೆ. 282ರ ಸೊನ್ನೆ ಖಾಲಿ ಇರಲಿಲ್ಲ. ಒಳಗೆ ಉಗುರಿನ ತುದಿಯಂಥ ಗೆರೆ, ಎಡಕ್ಕೆ ಬಾಗಿದ್ದು. ಬೆರಳಿಟ್ಟು ನೋಡಿದೆ. ತಗ್ಗು ಇಲ್ಲ. ನುಣುಪು.

ಮನೆಗೆ ಬಂದು ಬೀರು ತೆಗೆದೆ. ಸುತ್ತಿಗೆ ಗೋಣಿಯಲ್ಲಿ ನಾನು ಕಟ್ಟಿದ ಗಂಟಿನೊಳಗೇ ಇತ್ತು. ಬಿಚ್ಚಿ, ಮೇಸ್ತ್ರಿಯ ಮನೆಗೆ ಒಯ್ದು, ಅವರ ಕಬ್ಬಿಣದ ದಿಮ್ಮಿಯ ಮೇಲೆ ಮೂರು ಏಟು ಹಾಕಿದೆ. ನನ್ನ ಕೈಗೆ ತಾಳ ಬರಲಿಲ್ಲ. ಆದರೂ ಹಾಕಿದೆ. ಮತ್ತೆ ಸುತ್ತಿಟ್ಟೆ.

ಅಣ್ಣನಿಗೆ ಏನಾಯಿತು ಎನ್ನುವುದು ಮಾತ್ರ ಇನ್ನೂ ಖಾಲಿ ಸೊನ್ನೆ. ಆ ಮದ್ರಾಸಿನ ರೇಸುಗಳ ಕಾಲದಲ್ಲಿ ನರಸೀಪುರದ ಗಿರಣಿಯೊಂದರ ಹಿಂದೆ ಕೆಂಪು ರೇಸು ಕಾರು ಬಡಿಯುತ್ತಿದ್ದ ಹುಡುಗನನ್ನು ಕಂಡವರು, ಅಥವಾ ನಂಜನಗೂಡಿನ ಒಂದು ಜಗಲಿಗೆ ಗೋಣಿಗಂಟು ತಲುಪಿಸಿದವರ ಮನೆಯವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಎರಡು ಸಾಲು ಬರೆಯಿರಿ. ತಿಥಿ ಯಾವತ್ತು ಎಂದು ಗೊತ್ತಾದರೂ ಸಾಕು.