ಪರದೆಯ ಮಡಿಕೆಯೊಳಗಿನ ಹೆಸರು

೧೯೭೮ನೇ ಇಸವಿ. ನನಗಾಗ ಹತ್ತೊಂಬತ್ತು. ಗುಬ್ಬಿಯಲ್ಲಿ ನಮ್ಮಪ್ಪ ನಾಟಕದ ಪರದೆ ಬರೆಯುತ್ತಿದ್ದರು. ಎರಡು ವರ್ಷದಿಂದ ಅವರ ಕೈ ನಡುಗುತ್ತಿದ್ದುದರಿಂದ ಬಾಗಿಲು ಹಾಕಿಕೊಂಡು ನಾನು ಬರೆಯುತ್ತಿದ್ದೆ. ಕೆಳಗೆ ಹೆಸರು ಮಾತ್ರ ಅಪ್ಪನದು. ಅಮ್ಮನನ್ನು ಬಿಟ್ಟರೆ ಈ ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ಹುಡುಗಿ ಬರೆದದ್ದು ಅಂದರೆ ಯಾರು ತಾನೆ ಕೆಲಸ ಕೊಡುತ್ತಾರೆ?

ಆ ವರ್ಷ ತುಮಕೂರಿನ ಲೈಬ್ರರಿಯಲ್ಲಿ ಒಂದು ಪತ್ರಿಕೆ ಸಿಕ್ಕಿತು. ಅದರಲ್ಲಿ ಇಟಲಿಯ ಒಂದು ಚಿತ್ರ. ಮುನ್ನೂರು ವರ್ಷಕ್ಕೂ ಹಿಂದಿನದು, ಯುರೋಪಿನವರು ಬರೋಕ್ ಅನ್ನುವ ಕಾಲದ್ದು. ಸುತ್ತ ಕಗ್ಗತ್ತಲು, ನಡುವೆ ಮೇಣದ ಬತ್ತಿಯ ಬೆಳಕು ಬಿದ್ದ ಒಬ್ಬ ಹೆಂಗಸು ಯಾವುದೋ ಸದ್ದಿಗೆ ಬೆಚ್ಚಿ ತಿರುಗಿದ್ದಾಳೆ. ಅದನ್ನು ಒಬ್ಬ ಹೆಸರಾಂತ ಚಿತ್ರಕಾರ ಬರೆದದ್ದೆಂದೇ ಜನ ನಂಬಿದ್ದರಂತೆ. ಈಚೆಗೆ ಶುಚಿ ಮಾಡುವಾಗ ಚೌಕಟ್ಟಿನ ಅಡಿಯಲ್ಲಿ ಅವನ ಮಗಳ ಹೆಸರು ಕಂಡಿತಂತೆ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನವೇ ಇರಲಿಲ್ಲ.

ಆಗ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಡೆಯ ಹಳ್ಳಿಯವರ ನಾಟಕಕ್ಕೆ ಅರಮನೆ ಸೀನಿನ ಪರದೆ ಬರೆಯುತ್ತಿದ್ದೆ. ಪರದೆಯ ಬುಡದಲ್ಲಿ ಬಿದಿರಿನ ಗಳ ತೂರಿಸಲು ಬಟ್ಟೆ ಮಡಚಿ ಹೊಲಿಯುವುದು ವಾಡಿಕೆ. ಹೊಲಿಯುವ ಮುಂಚೆ ಆ ಮಡಿಕೆಯೊಳಗೆ ನನ್ನ ಹೆಸರು ಬರೆದುಬಿಟ್ಟೆ. ಯಾರು ಬಿಚ್ಚಿ ನೋಡುತ್ತಾರೆ ಅನ್ನುವ ಭಂಡ ಧೈರ್ಯ.

ಪರದೆ ಒಯ್ಯಲು ಆ ಊರಿನ ಗೌಡರು ನಾಲ್ಕು ಜನರ ಜೊತೆ ಬಂದರು. ಸುತ್ತಿ ನೋಡುವಾಗ ಗಳ ಸೀಳಿಹೋಯಿತು. ಸೀಳು ಬಟ್ಟೆಗೆ ಸಿಕ್ಕಿಕೊಂಡು ಈಚೆಗೆ ಬರಲೊಲ್ಲದು. ಹೊಲಿಗೆ ಬಿಚ್ಚಿ ಬೇರೆ ಗಳ ಹಾಕಿ ಎಂದರು. ನಾನೇ ಬಿಚ್ಚುತ್ತೇನೆಂದು ಮುಂದೆ ಹೋಗುವಷ್ಟರಲ್ಲಿ ಒಬ್ಬರು ಬ್ಲೇಡು ಹಾಕಿಯಾಗಿತ್ತು. ಹೊಲಿಗೆ ಪಟಪಟ ಬಿಡುತ್ತಾ ಬಂತು. ಚಿತ್ರದ ಆ ಹೆಂಗಸು ಯಾಕೆ ಹಾಗೆ ಬೆಚ್ಚಿದ್ದಳು ಎಂದು ಆಗ ತಿಳಿಯಿತು.

ಗೌಡರು ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು. "ಸರೋಜ... ಯಾರಪ್ಪ ಇದು?"

ಅಪ್ಪ ಏನಾದರೊಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನನ್ ಮಗ್ಳು ಗೌಡ್ರೆ. ಪೂರ್ತಿ ಅವ್ಳೇ ಬರ್ದಿರೋದು. ನನ್ ಕೈ ಹೋಗಿ ಎರಡ್ ವರ್ಸ ಆಯ್ತು" ಎಂದು ನಡುಗುವ ಕೈಯನ್ನು ಚಾಚಿ ತೋರಿಸಿದರು.

ಇನ್ನು ಪರದೆ ಇಲ್ಲೇ ಬಿಟ್ಟು ಹೋಗುತ್ತಾರೆ, ಊರೂರಿಗೂ ಸುದ್ದಿಯಾಗುತ್ತದೆ, ಅಪ್ಪ ಇಷ್ಟು ವರ್ಷ ಗಳಿಸಿದ ಹೆಸರು ಮಣ್ಣುಪಾಲಾಯಿತು ಎಂದುಕೊಂಡೆ. ಗೌಡರು ಪರದೆಯನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

"ಸೀನು ಚೆನ್ನಾಗೈತೆ. ಹೆಸ್ರು ಒಳ್ಗೇ ಇರ್ಲಿ ಬುಡಿ, ಹೊಲೀರಿ."

ಬದುಕಿದೆಯಾ ಬಡಜೀವವೇ ಅನಿಸಿತು. ಅಪ್ಪ ಮಾತ್ರ ದಬ್ಬಣ ಮುಟ್ಟಲಿಲ್ಲ, ಬೇಡ, ಹೆಸರು ಹೊರಗೇ ಇರಲಿ ಎಂದು ನಾನು ಹೇಳಲಿ ಅನ್ನುವಂತೆ ನನ್ನ ಮುಖವನ್ನೇ ನೋಡುತ್ತಾ ಕೂತರು. ದಬ್ಬಣ ಎತ್ತಿಕೊಂಡು ಹೊಲಿದವಳು ನಾನೇ. ಮೊದಲಿಗಿಂತ ಒತ್ತೊತ್ತಾಗಿ ಹೊಲಿದೆ.

ಅಪ್ಪ ಈಗಿಲ್ಲ. ಆ ಪರದೆಯನ್ನು ಇಲಿ ಕಡಿದಿದೆಯೋ, ಯಾರ ಅಟ್ಟದ ಮೇಲಿದೆಯೋ ಗೊತ್ತಿಲ್ಲ. ಅವತ್ತಿನ ಹೆದರಿಕೆ ಎಂದೋ ಹೋಯಿತು. ಆದರೆ ನಾಲ್ಕು ಜನರ ಮುಂದೆ ಅಪ್ಪ ಬಾಯಿಬಿಟ್ಟು ಹೇಳಿದ ಹೆಸರನ್ನು ನನ್ನ ಕೈಯಾರೆ ಅಷ್ಟು ಭದ್ರವಾಗಿ ಹೊಲಿದುಬಿಟ್ಟೆನಲ್ಲ, ಆ ನೋವು ಇನ್ನೂ ಹೋಗಿಲ್ಲ.